ಮೂರು ಚೆಂಡಿನ ಡಬ್ಬಿ ಸಾಕಾ, ಸ್ಪ್ರಿಂಗ್ ಕೊಳವೆಯೂ ಬೇಕಾ?

ಸೋಮವಾರಪೇಟೆಯಿಂದ ಕೇಳುತ್ತಿದ್ದೇನೆ: ಅಕ್ಕನಿಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಒಂಬತ್ತು ದಿನ. ಮೈಸೂರಿನಲ್ಲಿ ಮಾಡಿಸಿ ಮನೆಗೆ ಕರೆತಂದಿದ್ದೇವೆ. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಡಬ್ಬಿ ಕೊಟ್ಟಿದ್ದಾರೆ, ಎರಡೇ ಚೆಂಡು ಏಳುತ್ತವೆ. ಮುಂದೆ ಸ್ಪ್ರಿಂಗ್ ಇರುವ ಕೊಳವೆಯನ್ನೂ ತಗೊಳ್ಳಿ ಅಂದಿದ್ದಾರೆ. ಎರಡೂ ಬೇಕಾ? ಮಾಡಿದವರು ಹೇಳಿ.

ಮಡಿಕೇರಿಯಿಂದ: ನನಗೂ ಅದೇ ಆಪರೇಷನ್, ಎರಡು ವರ್ಷ ಆಯಿತು. ಮೊದಲು ಒಂದು ಮಾತು. ಅಕ್ಕ ಡಬ್ಬಿಗೆ ಊದುತ್ತಿಲ್ಲ ತಾನೇ? ನಾನು ಎರಡು ದಿನ ಊದಿದೆ. ಚೆಂಡು ಅಲುಗಲೇ ಇಲ್ಲ, ಡಬ್ಬಿ ಕೆಟ್ಟಿದೆ ಅಂತ ನರ್ಸ್ ಹತ್ತಿರ ಜಗಳ ಬೇರೆ! ಗಾಳಿಯನ್ನು ಒಳಗೆ ಎಳೆಯಬೇಕು, ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ, ನಿಧಾನಕ್ಕೆ. ಡಬ್ಬಿ ಮೇಲೆ 600, 900, 1200 ಅಂತ ಇರುತ್ತದಲ್ಲ, ಅದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಎಳೆದಿರಿ ಅನ್ನುವ ಲೆಕ್ಕ. ಮೂರನೇ ಚೆಂಡಿಗೆ ಹಠ ಬೇಡ. ಮೂರನ್ನೂ ಟಪ್ ಅಂತ ಹಾರಿಸುವುದಕ್ಕಿಂತ ಎರಡನ್ನೇ ಮೂರು ಸೆಕೆಂಡ್ ಮೇಲೆ ನಿಲ್ಲಿಸಿದರೆ ಒಳ್ಳೆಯದು.

ಕೊಳವೆಯ ಕೆಲಸ ಬೇರೆ. ಡಬ್ಬಿ ಇರುವುದು ಶ್ವಾಸಕೋಶದ ಕೆಳಭಾಗವೂ ಬಿಚ್ಚಿಕೊಳ್ಳಲಿ ಅಂತ. ಕೊಳವೆ ಗಾಳಿ ಎಳೆಯುವ ಸ್ನಾಯುಗಳಿಗೆ ಕಸರತ್ತು, ಅದರಲ್ಲೂ ಎದೆ ಹೊಟ್ಟೆಯ ನಡುವಿನ ವಪೆಗೆ. ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಜೋರಾಗಿ ಎಳೆಯಬೇಕು. ನನಗೆ ಮೊದಲು ಪರೀಕ್ಷೆ ಮಾಡಿ, ನನ್ನ ಗರಿಷ್ಠ ಎಳೆತದ ಶೇ. 30ಕ್ಕೆ ಇಟ್ಟುಕೊಟ್ಟರು. ಮೂಗಿಗೆ ಕ್ಲಿಪ್, ಬೆಳಿಗ್ಗೆ 30 ಉಸಿರು, ಸಂಜೆ 30. ಹತ್ತಕ್ಕೇ ತಲೆ ಸುತ್ತುತ್ತಿತ್ತು, ಅವಸರ ಮಾಡುತ್ತಿದ್ದೆ. ಆಮೇಲೆ ಹತ್ತು ಹತ್ತರಂತೆ ಬಿಟ್ಟು ಬಿಟ್ಟು ಮಾಡಿದೆ. ನೀರು ಗುಟುಕರಿಸಿದ ತಕ್ಷಣ ಮಾತ್ರ ವ್ಯಾಯಾಮಕ್ಕೆ ಕೂರಬೇಡಿ, ವಾಕರಿಕೆ ಬರುತ್ತದೆ.

ನಮ್ಮ ಮನೆ ರಸ್ತೆಯಿಂದ 32 ಮೆಟ್ಟಿಲು ಮೇಲಿದೆ. ಮೊದಲು ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದವಳು ಎರಡು ತಿಂಗಳಿಗೆ ಒಂದೇ ಸಲ ಹತ್ತಿದೆ. ಅದು ಕೊಳವೆಯಿಂದಲೋ, ತೂಕ ಇಳಿದಿದ್ದಕ್ಕೋ, ಹೇಳಲಾರೆ. ಒಂದೇ ಆರಿಸಿ ಅಂದರೆ ಈಗ ಡಬ್ಬಿ ಮತ್ತು ನಡಿಗೆ. ಕೊಳವೆಯನ್ನು ಸರ್ಜನ್ ಹೂಂ ಅಂದ ಮೇಲೆ ನೋಡಿ.

ಗೋಣಿಕೊಪ್ಪದಿಂದ: ನಮ್ಮ ಅಣ್ಣನಿಗೆ ಉಸಿರಿಗಿಂತ ಭುಜದ ನೋವೇ ಜಾಸ್ತಿ ಇತ್ತು. ಆಪರೇಷನ್ ವೇಳೆ ಹೊಟ್ಟೆಗೆ ತುಂಬುವ ಗ್ಯಾಸ್ ವಪೆಯನ್ನು ಕೆಣಕುತ್ತದಂತೆ, ನೋವು ಭುಜದಲ್ಲಿ ಕಾಣುತ್ತದೆ. ನಡೆದ ಹಾಗೆ ಕಮ್ಮಿಯಾಯಿತು. ಆಗ ಜುಲೈ, ಹೊರಗೆ ಬಿಡದ ಮಳೆ. ಜಗಲಿಯಲ್ಲೇ ಆ ತುದಿ ಈ ತುದಿ ನಡೆಸಿದೆವು. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿ. ಹೊಲಿಗೆ ನೋಯುತ್ತದೆ ಅಂತ ಕೆಮ್ಮು ತಡೆದರೆ ಕಫ ಒಳಗೇ ಉಳಿಯುತ್ತದೆ.

ಕುಶಾಲನಗರದಿಂದ, ಫಿಸಿಯೋ: ಮೇಲಿನ ಮಾತು ಸರಿ. ಆ ಶೇ. 30 ಮಡಿಕೇರಿಯವರ ಅಳತೆ, ಅಕ್ಕನಿಗೆ ಬೇರೆ ಬರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು, ಒಂದೇ ಕಾಲಿಗೆ ಊತ, ಜ್ವರ, ಕೂತಲ್ಲೇ ಎದೆ ಡವಡವ ಅಂದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಘಾಟಿ ಊರು, ಬೆಳಗಾಗಲಿ ಅಂತ ಕಾಯಬೇಡಿ.

ಸೋಮವಾರಪೇಟೆಯಿಂದ: ಅಕ್ಕನನ್ನು ಕೇಳಿದೆ. ಊದುತ್ತಿಲ್ಲ, ಆದರೆ ಮಲಗಿಕೊಂಡೇ ಎಳೆಯುತ್ತಿದ್ದಾಳೆ! ಈಗ ದಿಂಬು ಕೊಟ್ಟು ನೇರ ಕೂರಿಸಿದ್ದೇನೆ. ಮೂರನೆಯದು ಸ್ವಲ್ಪ ಅಲುಗಿತು.