ಹ್ಯಾನ್‌ಫರ್ಡ್ ಟ್ಯಾಂಕುಗಳ ಸೋರಿಕೆ: ಇಷ್ಟೊಂದು ಹೆದರಬೇಕಾ?

ಶ್ರೀಧರ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಅಣುಬಾಂಬಿಗೆ ಪ್ಲುಟೋನಿಯಂ ತೆಗೆದ ಮೇಲೆ ಉಳಿದ ತ್ಯಾಜ್ಯ 177 ಟ್ಯಾಂಕುಗಳಲ್ಲಿ ನೆಲದಡಿ ಇದೆ. ಸುಮಾರು 21 ಕೋಟಿ ಲೀಟರ್. 2021ರಲ್ಲಿ ಬಿ-109 ಟ್ಯಾಂಕು ಸೋರುತ್ತಿದೆ ಅಂತ ಸರ್ಕಾರವೇ ಹೇಳಿತು. ದಿನಕ್ಕೆ ಸುಮಾರು 13 ಲೀಟರ್, ಒಂದು ಬಕೆಟ್ ಅಷ್ಟೇ. ಕೊಲಂಬಿಯಾ ನದಿ ಕಿಲೋಮೀಟರುಗಟ್ಟಲೆ ದೂರ. ‘ನದಿಗೆ ವಿಷ’ ಅಂತ ಸುಮ್ನೆ ಜನರನ್ನು ಹೆದರಿಸುವುದು ತಪ್ಪು.

ಮಂಗಳಾ: ಶ್ರೀಧರ್ ಅವರೇ, ಬಕೆಟ್ ಒಂದು ದಿನದ ಲೆಕ್ಕ. ಇದುವರೆಗೆ ಅಲ್ಲಿ ಸೋರಿರುವುದು ಸುಮಾರು 38 ಲಕ್ಷ ಲೀಟರ್ ಅಂತ ಅಂದಾಜು. 1973ರಲ್ಲಿ ಟಿ-106 ಒಂದರಿಂದಲೇ 4 ಲಕ್ಷ ಲೀಟರಿಗೂ ಜಾಸ್ತಿ ಮಣ್ಣಿಗೆ ಹೋಯಿತು. ಮಟ್ಟ ಇಳಿಯುತ್ತಿದ್ದರೂ ವಾರಗಟ್ಟಲೆ ಯಾರೂ ಗಮನಿಸಲಿಲ್ಲ. ನನಗೆ ಹೆಚ್ಚು ಭಯ ಆಗುವುದು ಅದಕ್ಕೇ.

ಶ್ರೀಧರ: ಆದರೆ ಆ ತ್ಯಾಜ್ಯದಲ್ಲಿರುವ ವಿಕಿರಣ ವಸ್ತು ಸೀಸಿಯಂ ಮಣ್ಣಿಗೆ ಅಂಟಿಕೊಳ್ಳುತ್ತದೆ, ಅಲ್ವಾ? ಅಂತರ್ಜಲ ತುಂಬಾ ಆಳದಲ್ಲಿದೆ.

ರಘು: ಸೀಸಿಯಂ ಮಟ್ಟಿಗೆ ನಿಮ್ಮ ಮಾತು ಸರಿ ಸರ್. 30 ವರ್ಷಕ್ಕೊಮ್ಮೆ ಅರ್ಧವೂ ಆಗುತ್ತದೆ. ಅದೇ ತ್ಯಾಜ್ಯದಲ್ಲಿರುವ ಇನ್ನೊಂದು ವಿಕಿರಣ ವಸ್ತು ಟೆಕ್ನೀಷಿಯಂ-99 ಹಾಗಲ್ಲ. ನೀರು ಹೋದ ಕಡೆ ಅದೂ ಹೋಗುತ್ತದೆ. ಅರ್ಧ ಆಗಲು 2 ಲಕ್ಷ ವರ್ಷ ಬೇಕು. ಅದು ಈಗಾಗಲೇ ಅಂತರ್ಜಲ ಮುಟ್ಟಿದೆ. ನೀರು ಮೇಲೆತ್ತಿ ಶುದ್ಧ ಮಾಡುವ ದೊಡ್ಡ ಘಟಕವನ್ನು 2012ರಿಂದ ನಡೆಸುತ್ತಿರುವುದು ಯಾಕೆ ಮತ್ತೆ? ‘ಮಣ್ಣು ತಡೆಯುತ್ತೆ’ ಅಂತ ನಂಬಿಯೇ ಹಿಂದಿನವರು ಕಲುಷಿತ ನೀರನ್ನು ನೇರವಾಗಿ ನೆಲಕ್ಕೆ ಬಿಟ್ಟರು.

ರೂಪಾ: ನಾವಿರುವುದು ಪೋರ್ಟ್‌ಲ್ಯಾಂಡ್‌ನಲ್ಲಿ, ಅದೇ ನದಿಯ ಕೆಳಗಡೆ. ಇವತ್ತಿನ ನೀರಿನ ಬಗ್ಗೆ ನನಗೆ ಭಯ ಇಲ್ಲ. ಮಕ್ಕಳ ಕಾಲದ್ದು ಯೋಚನೆ. ಹೊಸ ಟ್ಯಾಂಕು ಕಟ್ಟಿದರೆ ಆಗಲ್ವಾ?

ಮಂಗಳಾ: ಎರಡು ಗೋಡೆಯ ಟ್ಯಾಂಕು 28 ಇವೆ ರೂಪಾ. ಅದರಲ್ಲೂ ಎವೈ-102ರ ಒಳಗೋಡೆ ಸೋರಿದ್ದು 2012ರಲ್ಲಿ ಗೊತ್ತಾಯಿತು. ಉಳಿದ 149ಕ್ಕೆ ಒಂದೇ ಗೋಡೆ. ತ್ಯಾಜ್ಯವನ್ನು ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುವುದೇ ದಾರಿ. ಆ ಕಾರ್ಖಾನೆ ಕಟ್ಟಲು ಶುರುಮಾಡಿದ್ದು 2002ರಲ್ಲಿ. ಮೊದಲ ಗಾಜು ಬಂದಿದ್ದು 2025ರಲ್ಲಿ, ಅದೂ ಕಡಿಮೆ ವಿಕಿರಣದ ಭಾಗಕ್ಕೆ ಮಾತ್ರ.

ಶ್ರೀಧರ: ಟೆಕ್ನೀಷಿಯಂ ವಿಷಯ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ರಘು. ‘ನದಿಗೆ ವಿಷ’ ಎನ್ನುವ ಮಾತಿಗೆ ಈಗಲೂ ನನ್ನ ವಿರೋಧ ಇದೆ. ಆದರೆ ಸೋರುವ ಟ್ಯಾಂಕುಗಳನ್ನು ಮೊದಲು ಖಾಲಿ ಮಾಡಿ ಅಂತ ಕೇಳುವುದಾದರೆ ನಾನೂ ಜೊತೆಗಿದ್ದೇನೆ. ಮಳೆನೀರು ಇಳಿಯದ ಹಾಗೆ ಮೇಲೆ ಮುಚ್ಚಿಬಿಟ್ಟರೆ ಸಾಲದು.