ದೇವರು ನಡೆಸುತ್ತಿದ್ದಾನೆ ಅಂತ ನಿಮಗೆ ಹೇಗೆ ಗೊತ್ತಾಯಿತು? ಅನುಭವ ಇದ್ದವರು ಹೇಳಿ

ಕೇಳಿದವರು: ಹುಬ್ಬಳ್ಳಿಯ ಸ್ಟಾಫ್ ನರ್ಸ್

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಕುವೈತ್‌ನ ಒಂದು ಆಸ್ಪತ್ರೆಯಲ್ಲಿ ನನಗೆ ಕೆಲಸ ಆಗಿದೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ನಮಗೆ ಮನೆ ಸಾಲ ಇದೆ. ಮನೆಯವರು ಹೋಗು ಅಂತಾರೆ. ಅತ್ತೆಗೆ ಶುಗರ್, ದಿನಾ ಇನ್ಸುಲಿನ್ ನಾನೇ ಹಾಕಬೇಕು. ಮಗಳು ಎರಡನೇ ಕ್ಲಾಸ್. ಸಭೆಯಲ್ಲಿ ಯಾರನ್ನು ಕೇಳಿದರೂ "ಪ್ರಾರ್ಥನೆ ಮಾಡಮ್ಮ, ದೇವರು ದಾರಿ ತೋರಿಸ್ತಾನೆ" ಅನ್ನುತ್ತಾರೆ. ಮಾಡುತ್ತಲೇ ಇದ್ದೇನೆ, ಏನೂ ತಿಳಿಯುತ್ತಿಲ್ಲ. ಹೊಸ ವರ್ಷದ ಆರಾಧನೆಯಲ್ಲಿ ಎಲ್ಲರೂ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಒಂದೊಂದು ಎತ್ತಿದೆವು, ನನಗೆ ಬಂದದ್ದು ಯೆರೆಮೀಯ 29:11. ದೇವರು ನಮ್ಮ ಬಗ್ಗೆ ಇಟ್ಟುಕೊಂಡಿರುವ ಆಲೋಚನೆ ಹಿತದ್ದು, ಕೇಡಿನದ್ದಲ್ಲ ಅನ್ನುವ ವಚನ. ಅದರ ಅರ್ಥ ಹೋಗು ಅಂತಲಾ? ದಯವಿಟ್ಟು ಪ್ರಸಂಗ ಬೇಡ. ನಿಮಗೆ ಹೇಗಾಯಿತು ಅಂತ ಹೇಳಿ ಸಾಕು.

ಉಡುಪಿ ಕಡೆಯ ನಿವೃತ್ತ ಟೀಚರ್

ತಂಗಿ, ಮೊದಲು ಆ ಕಾರ್ಡ್ ವಿಷಯ ಮುಗಿಸಿಬಿಡೋಣ. ಬೈಬಲ್ ತೆಗೆದು ಯೆರೆಮೀಯ 29ನ್ನು ಒಂದನೇ ವಚನದಿಂದ ಓದಿ. ಅದೊಂದು ಕಾಗದ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿಗೆ ಒಳ್ಳೇದಾಗಲಿ ಅಂತ ಪ್ರಾರ್ಥನೆ ಮಾಡಿ ಅಂತ ಇದೆ. 11ಕ್ಕೆ ಮೊದಲಿನ ವಚನದಲ್ಲೇ 70 ವರ್ಷ ಅಂತಲೂ ಇದೆ! ಕಾಗದ ಓದಿದ ಹೆಚ್ಚಿನವರು ಊರಿಗೆ ವಾಪಸ್ ಬರಲೇ ಇಲ್ಲ. ಹಾಗಾಗಿ ಅದು ನಿಮಗೆ ಹೋಗು ಅಂತಲೂ ಹೇಳುವುದಿಲ್ಲ, ಇರು ಅಂತಲೂ ಹೇಳುವುದಿಲ್ಲ. ಎಲ್ಲಿದ್ದರೂ ದೇವರು ಕೈಬಿಡುವುದಿಲ್ಲ ಅನ್ನುತ್ತದೆ. ಅಷ್ಟೇ ಸಾಕಲ್ವಾ?

ವಚನವನ್ನು ಚೀಟಿ ಎತ್ತಿ ಆರಿಸುವುದು ಹಳೇ ರೂಢಿ. ಜರ್ಮನಿಯ ಹೆರನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಭೆಯವರು ಹೀಗೆ ಆರಿಸಿದ ದಿನವಚನದ ಪುಸ್ತಕವನ್ನು 1731ರಿಂದ ಅಚ್ಚು ಹಾಕುತ್ತಾ ಬಂದಿದ್ದಾರೆ. ಒಂದು ಕಾಲದಲ್ಲಿ ಮದುವೆಗೂ ಚೀಟಿ ಎತ್ತುತ್ತಿದ್ದರು. ಆಮೇಲೆ ಮದುವೆಯ ಚೀಟಿ ಬಿಟ್ಟರು, ದಿನವಚನ ಉಳಿಸಿಕೊಂಡರು. ನನಗೆ ಅದು ಸರಿ ಅನ್ನಿಸುತ್ತದೆ. ವಚನ ದಿನಕ್ಕೆ ಊಟ ಇದ್ದ ಹಾಗೆ. ಅದರಲ್ಲಿ ಭವಿಷ್ಯ ಹುಡುಕಬಾರದು.

ಈಗ ನನ್ನ ಕಥೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೆ. ಹೈಸ್ಕೂಲಿಗೆ ಬಡ್ತಿ ಬಂತು. ಆಗ ನನ್ನ ತಾಯಿ ಹಾಸಿಗೆ ಹಿಡಿದಿದ್ದರು. ಕೌನ್ಸೆಲಿಂಗ್ ಅಂದರೆ ಹೇಗಿರುತ್ತದೆ ಅಂತ ಟೀಚರ್‌ಗಳಿಗೆ ಗೊತ್ತು. ದೊಡ್ಡ ಹಾಲ್, ಗೋಡೆ ಮೇಲೆ ಖಾಲಿ ಜಾಗದ ಪಟ್ಟಿ. ಒಬ್ಬೊಬ್ಬರ ಹೆಸರು ಕರೆದ ಹಾಗೆ ಹತ್ತಿರದ ಊರುಗಳೆಲ್ಲ ಪಟ್ಟಿಯಿಂದ ಹೋಗುತ್ತವೆ. ನನ್ನ ಸರದಿ ಬರುವಾಗ ಉಳಿದದ್ದು ಚಿಕ್ಕಮಗಳೂರು ಜಿಲ್ಲೆಯ ಆ ತುದಿ, ಈ ತುದಿ. ಪಕ್ಕದಲ್ಲಿ ಕೂತಿದ್ದ ಗೆಳತಿ "ತಗೋ ಮಾರಾಯ್ತಿ, ಆಮೇಲೆ ನೋಡುವ" ಅಂತ ಮೊಣಕೈಯಿಂದ ತಿವಿಯುತ್ತಿದ್ದಳು. ನಾನು ಬಡ್ತಿ ಬೇಡ ಅಂತ ಬರೆದುಕೊಟ್ಟು ಬಂದೆ.

ಆ ಹಾಲ್‌ನಲ್ಲಿ ನನಗೆ ಯಾವ ದನಿಯೂ ಕೇಳಿಸಲಿಲ್ಲ. ತೀರ್ಮಾನ ಅಲ್ಲಿ ಆದದ್ದೂ ಅಲ್ಲ. ಅದಕ್ಕೆ ಮೊದಲೇ ಮೂವರನ್ನು ಕೇಳಿದ್ದೆ. ನಮ್ಮ ಸಭೆಯ ಅಯ್ಯನವರು (ಪಾಸ್ಟರ್), ನನ್ನ ಅಣ್ಣ, ಮತ್ತೆ ನನ್ನನ್ನು ಅಷ್ಟೇನೂ ಇಷ್ಟಪಡದ ಒಬ್ಬರು ಹಿರಿಯ ಟೀಚರ್. ಮೂರನೆಯವರನ್ನು ಬೇಕಂತಲೇ ಕೇಳಿದ್ದು. "ನೀನು ಇಲ್ಲಿದ್ದರೆ ಅಮ್ಮನನ್ನು ನೋಡಿಕೊಳ್ಳುತ್ತೀಯ, ಸರಿ. ಆದರೆ ಹತ್ತು ವರ್ಷ ಆದ ಮೇಲೆ ಅಮ್ಮನಿಂದ ನನ್ನ ಬಡ್ತಿ ಹೋಯಿತು ಅಂತ ಗೊಣಗುವುದಾದರೆ ಈಗಲೇ ಹೋಗು" ಅಂದರು. ಆ ಮಾತು ನನ್ನ ಮೇಲೆ ಕೆಲಸ ಮಾಡಿತು. ದೇವರು ಅವರ ಬಾಯಿಂದ ಮಾತಾಡಿಸಿದ ಅಂತ ನಾನು ನಂಬುತ್ತೇನೆ. ಅವರನ್ನು ಕೇಳಿದರೆ ನಗುತ್ತಾರೆ, ಬಿಡಿ.

ಬಡ್ತಿ ಬಿಟ್ಟದ್ದಕ್ಕೆ ಸಂಬಳದಲ್ಲಿ ಪೆಟ್ಟು ಬಿತ್ತು, ಪೆನ್ಶನ್‌ನಲ್ಲೂ ಬಿತ್ತು. ಪವಾಡದ ಹಾಗೆ ಬೇರೆ ಕಡೆಯಿಂದ ದುಡ್ಡೇನೂ ಬರಲಿಲ್ಲ. ಜ್ಞಾನೋಕ್ತಿ 3:6ರಲ್ಲಿ ದೇವರು ನಮ್ಮ ದಾರಿಯನ್ನು ಸರಾಗ ಮಾಡುತ್ತಾನೆ ಅಂತ ಇದೆ. ಅದನ್ನು ನಾವು ಜೇಬಿನ ಲೆಕ್ಕದಲ್ಲಿ ಓದುತ್ತೇವೆ, ಅದೇ ತೊಂದರೆ.

ಕೆಜಿಎಫ್‌ನಿಂದ, ಗ್ಯಾರೇಜ್ ಇಟ್ಟಿರುವವರು

ಅಕ್ಕ, "ನಾಳೆ ಹತ್ತು ಗಂಟೆಯೊಳಗೆ ಫೋನ್ ಬಂದರೆ ನಿನ್ನ ಚಿತ್ತ" ಅಂತ ದೇವರಿಗೆ ಷರತ್ತು ಹಾಕಬೇಡಿ. ಎಲ್ಲರೂ ಗಿದ್ಯೋನನ ಉಣ್ಣೆಯ ಉದಾಹರಣೆ ಕೊಡುತ್ತಾರೆ. ರಾತ್ರಿ ನೆಲದ ಮೇಲೆ ಉಣ್ಣೆ ಹಾಸಿ, ಅದು ಮಾತ್ರ ಮಂಜಿನಲ್ಲಿ ನೆನೆಯಲಿ ಅಂತ ಅವನು ದೇವರ ಹತ್ತಿರ ಗುರುತು ಕೇಳಿದ. ನ್ಯಾಯಸ್ಥಾಪಕರು 6 ಓದಿ ನೋಡಿ. ಉಣ್ಣೆ ಹಾಸುವ ಮೊದಲೇ ದೇವರು ಅವನಿಗೆ ಹೋಗು ಅಂತ ನೇರವಾಗಿ ಹೇಳಿಯಾಗಿತ್ತು. ಅವನಿಗೆ ಧೈರ್ಯ ಸಾಲದೆ ಉಣ್ಣೆ ಹಾಸಿದ. ಒಂದು ಸಲ ಸಾಲದು ಅಂತ ಇನ್ನೊಂದು ಸಲ. ದೇವರು ಸಹಿಸಿಕೊಂಡ, ಅದು ದೇವರ ದೊಡ್ಡತನ. ನಾವು ಅದನ್ನೇ ರೂಲ್ ಮಾಡಿಕೊಂಡಿದ್ದೇವೆ.

ಕುವೈತ್‌ನಿಂದ ಒಬ್ಬರು ನರ್ಸ್

ಸಿಸ್ಟರ್, ನಾನು ಇಲ್ಲಿ ಕೆಲಸ ಮಾಡುತ್ತಿದ್ದೇನೆ. ಪ್ರಾರ್ಥನೆ ಬಿಡಬೇಡಿ. ಜೊತೆಗೆ ಇವತ್ತೇ ಮಾಡಬೇಕಾದ ಕೆಲಸ ಹೇಳುತ್ತೇನೆ.

ಏಜೆಂಟ್ ಹತ್ತಿರ ಲೈಸೆನ್ಸ್ ನಂಬರ್ ಕೇಳಿ. ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಭಾರತ ಸರ್ಕಾರ ಇಟ್ಟಿರುವ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ಹೆಸರು ಇದೆಯಾ ನೋಡಿ. ಕುವೈತ್, ಸೌದಿ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡಲು ಸರ್ಕಾರದ ಅನುಮತಿ, ಕಡ್ಡಾಯ. ನಿಮ್ಮದು ಇಸಿಎನ್‌ಆರ್ ಪಾಸ್‌ಪೋರ್ಟ್ (ಸಾಮಾನ್ಯವಾಗಿ ಈ ಅನುಮತಿ ಬೇಡದ್ದು) ಆದರೂ ಬೇಕು. ಸರ್ಕಾರ ಒಪ್ಪಿದ ಸಂಸ್ಥೆಯ ಮೂಲಕವೇ ಹೋಗಬೇಕು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಾಸ್ತಿ ಅಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೆ ನಿಲ್ಲಿಸಿ.

ಇದನ್ನು ಯಾಕೆ ಇಲ್ಲಿ ಬರೆಯುತ್ತಿದ್ದೇನೆ ಅಂದರೆ, ನನ್ನ ಜೊತೆ ಬಂದ ಹುಡುಗಿಯ ಏಜೆಂಟ್ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ವಚನ ಕಳಿಸುತ್ತಿದ್ದ. ಅದಕ್ಕೇ ಅವಳು ನಂಬಿದಳು. ತಂದೆಯ ಹೊಲ ಅಡ ಇಟ್ಟು ದುಡ್ಡು ಕೊಟ್ಟಿದ್ದಾಳೆ. ಇವತ್ತಿಗೂ ಸಂಬಳದ ಅರ್ಧ ಅದಕ್ಕೇ ಹೋಗುತ್ತದೆ. ಅವಳ ಪ್ರಾರ್ಥನೆಯಲ್ಲಿ ಕೊರತೆ ಇತ್ತು ಅಂತ ಯಾರೋ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಹಾಗಂತ ಬರಲೇಬಾರದು ಅಂತಲ್ಲ. ನಾನು ಬಂದೆ, ಒಳ್ಳೇದೇ ಆಯಿತು. ಶುಕ್ರವಾರ ರಜೆ, ಆರಾಧನೆಯೂ ಅವತ್ತೇ. ಕುವೈತ್ ಸಿಟಿಯ ನ್ಯಾಷನಲ್ ಇವ್ಯಾಂಜಲಿಕಲ್ ಚರ್ಚ್ ಆವರಣದಲ್ಲಿ ಎಷ್ಟೋ ಭಾಷೆಯ ಸಭೆಗಳು ಒಂದರ ಪಕ್ಕ ಒಂದು ನಡೆಯುತ್ತವೆ. ನೈಟ್ ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವವರು ತುಂಬಾ ಜನ. ನಾನೂ ಅದರಲ್ಲಿ ಒಬ್ಬಳು. ಊರಲ್ಲಿದ್ದಾಗ ದೇವರು ಮುಂದೆ ಏನು ಮಾಡುತ್ತಾನೆ ಅಂತ ಕೇಳುತ್ತಿದ್ದೆ. ಇಲ್ಲಿ ಈ ಶಿಫ್ಟ್ ದಾಟಿಸು ಅಂತ ಕೇಳುತ್ತೇನೆ. ದಾಟಿಸುತ್ತಾನೆ.

ಬೆಂಗಳೂರಿನ ಸಾಫ್ಟ್‌ವೇರ್ ನೌಕರ

ಇಲ್ಲಿ ಯಾರಾದರೂ "ಮನಸ್ಸಿಗೆ ಸಮಾಧಾನ ಇದ್ದರೆ ಅದೇ ದೇವರ ಚಿತ್ತ" ಅಂತ ಬರೆಯುವ ಮೊದಲು ನಾನು ಬರೆದುಬಿಡುತ್ತೇನೆ. ಪ್ರವಾದಿ ಯೋನನಿಗೆ ಎಷ್ಟು ಸಮಾಧಾನ ಇತ್ತು ಗೊತ್ತಾ? ದೇವರಿಂದ ಓಡಿಹೋಗುತ್ತಾ ಹಡಗಿನ ತಳದಲ್ಲಿ ಗಾಢ ನಿದ್ದೆ. ಯೊಪ್ಪದಲ್ಲಿ ಹಡಗೂ ರೆಡಿ ಇತ್ತು, ಟಿಕೆಟಿಗೆ ದುಡ್ಡೂ ಇತ್ತು. ನಮ್ಮ ಭಾಷೆಯಲ್ಲಿ ಅದು ತೆರೆದ ಬಾಗಿಲು. ಆ ಕಡೆ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವಿಗೆ ಸಮಾಧಾನ ಎಲ್ಲಿತ್ತು? ಬೆವರು ರಕ್ತದ ಹನಿಯ ಹಾಗೆ ಬೀಳುತ್ತಿತ್ತು.

ಮುಚ್ಚಿದ ಬಾಗಿಲೂ ಅಷ್ಟೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅಪೊಸ್ತಲ ಪೌಲ ಸುವಾರ್ತೆ ಸಾರಲು ಆಸ್ಯ ಸೀಮೆಗೆ ಹೋಗೋಣ ಅಂದ, ಆಗಲಿಲ್ಲ. ಬಿಥೂನ್ಯಕ್ಕೆ ಹೊರಟ, ಅದೂ ಆಗಲಿಲ್ಲ. ಆದರೂ ನಡೆಯುವುದನ್ನು ನಿಲ್ಲಿಸಲಿಲ್ಲ. ತ್ರೋವಕ್ಕೆ ಬಂದ ಮೇಲೆ ಮಕೆದೋನ್ಯದವನು ಕರೆಯುವ ದರ್ಶನ. ಸರಿ ಅಂತ ಹೋದರೆ ಫಿಲಿಪ್ಪಿಯಲ್ಲಿ ಛಡಿ ಏಟು, ಜೈಲು. ದೇವರು ನಡೆಸಿದ ದಾರಿಯೇ ಅದು!

ನನಗೆ ಕೆಲಸ ಹೋದಾಗ ಎಷ್ಟೋ ಜನ "ದೇವರು ಇದಕ್ಕಿಂತ ಒಳ್ಳೇದು ಇಟ್ಟಿರ್ತಾನೆ" ಅಂದರು. ಆಮೇಲೆ ಸಿಕ್ಕಿದ್ದು ಕಡಿಮೆ ಸಂಬಳದ ಕೆಲಸ. ನಾನು ಇನ್ನೂ ನಂಬುತ್ತೇನೆ. ಆದರೆ ಆ ಮಾತನ್ನು ಬೇರೆಯವರಿಗೆ ಹೇಳುವುದು ಬಿಟ್ಟಿದ್ದೇನೆ.

ಮಂಗಳೂರಿನ ಕಥೋಲಿಕರು

ನಮ್ಮಲ್ಲಿ ಧ್ಯಾನಕೂಟಕ್ಕೆ ಹೋದಾಗ ಜೆಸುಯಿಟ್ ಫಾದರ್ ಒಬ್ಬರು ಕಲಿಸಿದ್ದು ಹೇಳುತ್ತೇನೆ. ಬೇರೆ ಸಭೆಯವರಿಗೂ ಉಪಯೋಗ ಆಗಬಹುದು.

ಜೆಸುಯಿಟ್ ಸಂಘ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಎರಡು ಥರ ಕನಸು ಕಾಣುತ್ತಿದ್ದರು. ಒಂದು, ದೊಡ್ಡ ಮನೆತನದ ಹೆಣ್ಣಿನ ಮುಂದೆ ಶೌರ್ಯ ತೋರಿಸುವುದು. ಇನ್ನೊಂದು, ಸಂತರ ಹಾಗೆ ಬದುಕುವುದು. ಎರಡೂ ಆ ಹೊತ್ತಿಗೆ ಖುಷಿ ಕೊಡುತ್ತಿತ್ತು. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಎರಡನೆಯದರ ಖುಷಿ ಆಮೇಲೂ ಉಳಿಯುತ್ತಿತ್ತು. ಅಲ್ಲಿಂದ ಅವರು ಕಂಡುಕೊಂಡದ್ದು ಏನೆಂದರೆ, ಆ ಕ್ಷಣದ ಭಾವನೆಗಿಂತ ಆಮೇಲೆ ಏನು ಉಳಿಯುತ್ತದೆ ನೋಡು.

ನಾನು ಮನೆ ಮಾರಿ ಮಗನ ಊರಿಗೆ ಹೋಗಬೇಕಾ ಅನ್ನುವಾಗ ಹೀಗೆ ಮಾಡಿದೆ. ಕೆಲವು ದಿನ ಹೋಗುವುದು ನಿಶ್ಚಯ ಆಯಿತು ಅಂತಲೇ ಬದುಕಿದೆ. ಯಾವ ಕಪಾಟು ಯಾರಿಗೆ ಅಂತ ಕೂಡ ಯೋಚಿಸಿದೆ. ಆಮೇಲೆ ಕೆಲವು ದಿನ ಇಲ್ಲೇ ಇರುವುದು ನಿಶ್ಚಯ ಅಂತ. ರಾತ್ರಿ ಜಪಸರ ಮುಗಿದ ಮೇಲೆ ಆ ದಿನ ಮನಸ್ಸು ಹೇಗಿತ್ತು ಅಂತ ಒಂದು ಸಾಲು ಬರೆದಿಟ್ಟೆ. ಹೋಗುವ ದಿನಗಳಲ್ಲಿ ಹೆದರಿಕೆ ಇತ್ತು, ಆದರೆ ಬೇರೆಯವರ ನೆನಪೂ ಇತ್ತು. ಇರುವ ದಿನಗಳಲ್ಲಿ ನಾನು ನನ್ನ ಬಗ್ಗೆ ಬಿಟ್ಟು ಏನೂ ಬರೆದಿರಲಿಲ್ಲ. ಓದಿದಾಗ ಗೊತ್ತಾಯಿತು.

ಇನ್ನೊಂದು ನಿಯಮವೂ ಇದೆ. ಮನಸ್ಸು ಕುಗ್ಗಿರುವಾಗ ಮೊದಲು ಮಾಡಿದ ತೀರ್ಮಾನ ಬದಲಿಸಬೇಡ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಕುವೈತ್ ಬಗ್ಗೆ ನಿರ್ಧಾರ ಮಾಡಬೇಡಿ, ಅಕ್ಕ.

ಬೀದರ್‌ನಿಂದ

ಯಾರಾದರೂ ಬಂದು "ದೇವರು ನನಗೆ ನಿಮ್ಮ ಬಗ್ಗೆ ತೋರಿಸಿದ" ಅಂದರೆ ಚಹಾ ಕೊಟ್ಟು ಕಳಿಸಿ. ನಮ್ಮ ಮನೆಗೆ ಬಂದವರೊಬ್ಬರು ಮಗಳ ಸಂಬಂಧ ಇದೇ ಅಂತ ಪ್ರವಾದನೆ ಹೇಳಿದರು. ಹುಡುಗನ ಮನೆಯವರು ಅವರಿಗೆ ಬೇಕಾದವರು ಅಂತ ಆಮೇಲೆ ತಿಳಿಯಿತು. ಮದುವೆ ಮುರಿದು ಎರಡು ಮನೆಯೂ ಹಾಳಾಯಿತು. 1 ಅರಸುಗಳು 13 ಓದಿ. ಮುದಿ ಪ್ರವಾದಿಯೊಬ್ಬ ಇದು ದೇವರ ಮಾತು ಅಂತ ಇನ್ನೊಬ್ಬ ದೇವಪುರುಷನಿಗೆ ಸುಳ್ಳು ಹೇಳಿದ, ನಂಬಿದವನನ್ನು ಸಿಂಹ ಕೊಂದಿತು. ಎಲ್ಲವನ್ನೂ ಪರಿಶೋಧಿಸಿ ಅಂತ ಪೌಲನೇ ಬರೆದಿದ್ದಾನೆ.

ಶಿವಮೊಗ್ಗದಿಂದ, ವಯಸ್ಸಾದವರು (ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸಿದ್ದು)

ಎಲ್ಲರದೂ ಓದಿಸಿ ಕೇಳಿದೆ. ಬೈಬಲ್ ಚೆನ್ನಾಗಿ ಓದಿದ್ದೀರಿ. ಆದರೆ ಒಬ್ಬರಾದರೂ ಆ ಅತ್ತೆಯನ್ನು ಕೇಳಿದ್ದೀಯಾ ಅಂತ ಕೇಳಲಿಲ್ಲ.

ನನ್ನ ಸೊಸೆ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದಳು. ಹೋಗುವ ವಿಷಯ ನನಗೆ ಕೊನೆಗೆ ಗೊತ್ತಾದದ್ದು. ನನಗೆ ಬೇಜಾರು ಆಗಬಾರದು ಅಂತ ಮುಚ್ಚಿಟ್ಟಿದ್ದರಂತೆ. ಮೊದಲೇ ಹೇಳಿದ್ದರೆ ನಾನೇ ಹೋಗು ಅನ್ನುತ್ತಿದ್ದೆ. ಗ್ಯಾಸ್ ಬುಕ್ ಮಾಡುವುದು, ಎಟಿಎಂನಲ್ಲಿ ದುಡ್ಡು ತೆಗೆಯುವುದು ಅವಳು ಇರುವಾಗಲೇ ಕಲಿತುಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಪಕ್ಕದ ಮನೆಯ ಹುಡುಗನ ಕೈಕಾಲು ಹಿಡಿದೆ. ಮಗು, ನೀನು ಮೊಣಕಾಲೂರಿ ಕೇಳುತ್ತಿರುವ ಉತ್ತರ ಪಕ್ಕದ ಕೋಣೆಯಲ್ಲಿ ಮಲಗಿರಬಹುದು. ಹೋಗಿ ಕೇಳು.

ಕೇಳಿದವರು, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ನೀವು ಹೇಳಿದ ಮೇಲೆ ಅತ್ತೆ ಹತ್ತಿರ ಹೋಗಿ ಕೂತೆ. ನನಗೆ ಮಾತು ತೆಗೆಯಲು ಬರಲಿಲ್ಲ. ಅವರೇ "ಕುವೈತ್ ವಿಷಯಾನಾ?" ಅಂದರು. ಫೋನಿನಲ್ಲಿ ಮಾತಾಡಿದ್ದು ಎಲ್ಲ ಕೇಳಿಸಿಕೊಂಡಿದ್ದಾರೆ. ಮಗಳನ್ನು ತಾವು ನೋಡಿಕೊಳ್ಳುತ್ತಾರಂತೆ. ಆದರೆ ಒಂದು ಷರತ್ತು. ಇನ್ಸುಲಿನ್ ಹಾಕುವುದನ್ನು ಅವರ ಮಗ ಈಗಿಂದಲೇ ಕಲಿಯಬೇಕು, ನಾನು ಪಕ್ಕದಲ್ಲಿ ನಿಂತು ನೋಡಬೇಕು. ಎರಡು ವರ್ಷಕ್ಕೆ ಜಾಸ್ತಿ ಆಗಬಾರದು ಅಂತಲೂ ಅಂದರು. ನಮ್ಮ ಮನೆಯವರಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ಈಗ ಅವರಿಗೂ ಪ್ರಾರ್ಥನೆ ಬೇಕು!

ಏಜೆಂಟ್ ಹತ್ತಿರ ಲೈಸೆನ್ಸ್ ನಂಬರ್ ಕೇಳಿದೆ. ಮೊದಲು "ನಂಬಿಕೆ ಇಲ್ವಾ ಮೇಡಂ" ಅಂದರು. ನಂಬಿಕೆ ದೇವರ ಮೇಲೆ, ನಿಮ್ಮದು ನಂಬರ್ ಕೊಡಿ ಅಂದೆ. ಇನ್ನೂ ಕಳಿಸಿಲ್ಲ. ಶನಿವಾರದವರೆಗೆ ನೋಡುತ್ತೇನೆ. ಬರದಿದ್ದರೆ ಇವರನ್ನು ಬಿಟ್ಟು ಸರ್ಕಾರಿ ಸಂಸ್ಥೆಯ ಮೂಲಕವೇ ಹುಡುಕುತ್ತೇನೆ. ಹೋಗುವುದೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ.

ಕುವೈತ್ ಸಿಸ್ಟರ್, ಮುಂದೆ ಕಾಂಟ್ರಾಕ್ಟ್ ಕಾಪಿ ಕೈಗೆ ಬಂದರೆ ನಿಮಗೆ ತೋರಿಸಬಹುದಾ? ಸಂಬಳದಲ್ಲಿ ರೂಮು, ಊಟಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ಯಾವ ಕಡೆ ಬರೆದಿರುತ್ತಾರೆ?