‘ಪ್ಲೇಯರ್-ಮ್ಯಾನೇಜರ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಕ್ರೀಡಾ ಪುರವಣಿಗೆ ಫುಟ್ಬಾಲ್ ಆಟಗಾರ ಕೆನ್ನಿ ಡಾಲ್‌ಗ್ಲಿಶ್ ಬಗ್ಗೆ ಲೇಖನ ಅನುವಾದಿಸುತ್ತಿದ್ದೇನೆ. ಒಳಗಿನದೆಲ್ಲ ಮುಗಿದಿದೆ, ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಇದು. ಸ್ಕಾಟ್ಲೆಂಡಿನ ಗ್ಲಾಸ್ಗೋದವರು. ಅಲ್ಲಿಯ ಸೆಲ್ಟಿಕ್ ಕ್ಲಬ್ಬಿನಲ್ಲಿ ಬೆಳೆದು 1977ರಲ್ಲಿ 4,40,000 ಪೌಂಡಿಗೆ ಇಂಗ್ಲೆಂಡಿನ ಕ್ಲಬ್ ಲಿವರ್‌ಪೂಲ್ ಸೇರಿದರು. 1985ರ ಮೇ ಕೊನೆಗೆ ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ ಪ್ರೇಕ್ಷಕರು ಸತ್ತ ದುರಂತ ನಡೆದು ಮ್ಯಾನೇಜರ್ ಜೋ ಫೇಗನ್ ಜಾಗ ತೆರವು ಮಾಡಿದಾಗ, ಇನ್ನೂ ಆಡುತ್ತಿದ್ದ 34 ವರ್ಷದ ಡಾಲ್‌ಗ್ಲಿಶ್ ಕೈಗೇ ತಂಡವನ್ನು ಒಪ್ಪಿಸಿದರು. ಹನ್ನೊಂದು ಜನರ ಪಟ್ಟಿ ಮಾಡುವವರೂ ಅವರೇ, ಅದರಲ್ಲಿ ತಮ್ಮ ಹೆಸರು ಇರಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. 1986ರ ಮೇ 3ರಂದು ಚೆಲ್ಸಿಯ ಮೈದಾನದಲ್ಲಿ ಜಿಮ್ ಬೆಗ್ಲಿನ್ ಕೊಟ್ಟ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು ಗೋಲಿಗೆ ಹೊಡೆದರು. 1-0, ಲೀಗ್ ಕೈಸೇರಿತು. ಒಂದು ವಾರದಲ್ಲಿ ಎಫ್.ಎ. ಕಪ್ ಕೂಡ.

ಈ ಪಾತ್ರಕ್ಕೆ ಪದ ಬೇಕು. ‘ವ್ಯವಸ್ಥಾಪಕ’ ಅಂದರೆ ಬ್ಯಾಂಕು, ಹೋಟೆಲು ನೆನಪಾಗುತ್ತದೆ. ‘ಮ್ಯಾನೇಜರ್’ ಅಂತಲೇ ಬಿಟ್ಟರೆ ನಮ್ಮ ಓದುಗರು ಕ್ರಿಕೆಟ್ ತಂಡದ ಜೊತೆ ಹೋಗಿ ರೂಮು, ಬಸ್ಸು ನೋಡಿಕೊಳ್ಳುವವರು ಅಂದುಕೊಳ್ಳುತ್ತಾರೆ. ‘ತರಬೇತುದಾರ’ ಸಾಲದು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎನ್ನುವುದೂ ಅವರದೇ ಮಾತು.

ಇನ್ನೊಂದು: ‘ಸ್ಕಾಟ್ಲೆಂಡ್ ಪರ 102 ಕ್ಯಾಪ್’. ದೇಶಕ್ಕೆ ಆಡಿದವರಿಗೆ ನಿಜವಾದ ಟೋಪಿ ಕೊಡುವ ಪದ್ಧತಿಯಿಂದ ಬಂದ ಮಾತು. ಕನ್ನಡದಲ್ಲಿ ‘102 ಟೋಪಿ’ ಎಂದು ಬರೆಯುವ ಹಾಗಿಲ್ಲ. ಟೋಪಿ ಹಾಕುವುದೆಂದರೆ ನಮಗೆ ಮೋಸ.

— ಹಾಸನ

ಮೇಡಂ, ‘ಆಟಗಾರ-ವ್ಯವಸ್ಥಾಪಕ’. ಇದರಲ್ಲಿ ಚರ್ಚೆಗೆ ಏನಿದೆ? ನಿಘಂಟು ಕೊಟ್ಟ ಪದವನ್ನು ಬಳಸಬೇಕು, ಬಳಸುತ್ತಾ ಹೋದರೆ ಅರ್ಥ ತಾನಾಗಿ ಕೂರುತ್ತದೆ. ಕ್ಯಾಪ್‌ಗೆ ‘102 ಅಂತರರಾಷ್ಟ್ರೀಯ ಪಂದ್ಯ’.

— ಮೈಸೂರು

ಸಂಸ್ಕೃತದ ಕದ ತಟ್ಟುವ ಮೊದಲು ನಮ್ಮ ಮನಿಯೊಳಗ ಹುಡುಕ್ರಿ. ‘ಹಾವಾಡಿಗ’ ಇದ್ದಾನ. ತಾನು ಆಡೋದಿಲ್ಲ, ಹಾವನ್ನ ಆಡಿಸ್ತಾನ. ಆದರೂ ಪದದ ಬೇರು ‘ಆಡು’. ಆಡುವವನೂ ಆಡಿಸುವವನೂ ಒಂದೇ ಪದದೊಳಗ ಕೂಡ್ಯಾರ. ‘ಚೆಂಡಾಡಿಗ’ ಅನ್ನಿ, ಎರಡೂ ಬಂತು. ‘ಮ್ಯಾನೇಜರ್’ ಪದ ಬಂದದ್ದು ಇಟಲಿಯಲ್ಲಿ ಕುದುರೆ ಪಳಗಿಸುವ ಕೆಲಸದಿಂದ, ಅದರ ಬೇರು ಲ್ಯಾಟಿನಿನ ‘ಕೈ’. ಅವರು ಕುದುರೆ ಲಾಯದಿಂದ ಪದ ತಂದುಕೊಂಡಾರ. ನಾವು ಹಾವಿನ ಬುಟ್ಟಿಯಿಂದ ಯಾಕ ತರಬಾರದು?

— ಧಾರವಾಡ

ಹೂವಾಡಿಗನೂ ಇದ್ದಾನೆ ಸರ್. ಅವನು ಹೂವನ್ನು ಆಡಿಸುತ್ತಾನೆಯೇ? ‘ಚೆಂಡಾಡಿಗ’ ಅಂದರೆ ಚೆಂಡು ಮಾರುವವನು ಅಂತಲೂ ಆಗಬಹುದು. ಬಿಡಿ.

— ಮೈಸೂರು

ನಮ್ಮಲ್ಲಿ ಫುಟ್ಬಾಲ್ ಆಡುವ ಆಸ್ಟಿನ್ ಟೌನ್ ಕಡೆ ಬಂದು ಕೇಳಿ. ಆಡಿಗನೂ ಇಲ್ಲ, ವ್ಯವಸ್ಥಾಪಕನೂ ಇಲ್ಲ. ಕೋಚ್. ಅಷ್ಟೇ.

— ಬೆಂಗಳೂರು

ಅಷ್ಟೇ ಅಲ್ಲ ಎಂದು ಮೇಡಂ ಮೊದಲ ಪತ್ರದಲ್ಲೇ ಹೇಳಿದ್ದಾರೆ. ಓದಿ ಬರೆಯಿರಿ.

ನಮ್ಮ ಕಡೆ ಈ ಪಾತ್ರ ಹೊಸತಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು, ತಾವೇ ವೇಷವನ್ನೂ ಕಟ್ಟಿದರು. ನಾಟಕದಲ್ಲಿ ಗುಬ್ಬಿ ವೀರಣ್ಣನವರು ಹಾಗೆಯೇ. ‘ಯಜಮಾನ’ ಎನ್ನಿ. ಯಾವ ಪಾತ್ರ ಯಾರಿಗೆ ಎಂದು ಹೇಳುವ ಅಧಿಕಾರ ಆ ಪದದಲ್ಲಿ ಇದೆ.

— ಹೊನ್ನಾವರ

ಯಜಮಾನ ಎಂದರೆ ದುಡ್ಡು ಹಾಕಿದವನು. ಡಾಲ್‌ಗ್ಲಿಶ್ ಕ್ಲಬ್ಬಿನ ಒಡೆಯನಲ್ಲ, ಸಂಬಳಕ್ಕೆ ಇದ್ದವರು.

ನಾನು ಭಾಷೆ ಓದಿದವನಲ್ಲ, ಕಟ್ಟಡದ ಕೆಲಸ ಮಾಡಿಸುವವನು. ನನ್ನ ಸೈಟಿನಲ್ಲಿ ಪ್ರತಿದಿನ ನೋಡುವ ಪದ ‘ಮೇಸ್ತ್ರಿ’. ಗಾರೆ ಮೇಸ್ತ್ರಿ ಬೆಳಿಗ್ಗೆ ಆಳುಗಳನ್ನು ಎಣಿಸುತ್ತಾರೆ, ಯಾರು ಕಲಸಬೇಕು, ಯಾರು ಹೊರಬೇಕು ಎಂದು ಹಂಚುತ್ತಾರೆ. ಆಮೇಲೆ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಮೂಲೆಯ ಮೊದಲ ಕಲ್ಲು ಅವರೇ ಇಡುತ್ತಾರೆ, ದಾರ ಕಟ್ಟಿ, ತೂಗುಗುಂಡು ಬಿಟ್ಟು, ಕರಣಿ ಕೈಯಲ್ಲಿ ಹಿಡಿದೇ ಬೈಯುತ್ತಾರೆ. ನೀವು ಕೇಳುತ್ತಿರುವುದು ಈ ಮನುಷ್ಯನಿಗೆ ಹೆಸರು.

ಬ್ರಿಟನ್ನಿನ ಫುಟ್ಬಾಲ್ ಆಟಗಾರರು ತಮ್ಮ ಮ್ಯಾನೇಜರನ್ನು ‘ಗ್ಯಾಫರ್’ ಎಂದು ಕರೆಯುತ್ತಾರೆ. ಅಲ್ಲಿಯ ಕೂಲಿಯವರು ಮೇಸ್ತ್ರಿಯನ್ನು ಕರೆಯುವುದೂ ಅದೇ ಪದದಿಂದ. ಡಾಲ್‌ಗ್ಲಿಶ್ ಕೂಡ ಹುಡುಗನಾಗಿದ್ದಾಗ ಕಂಬರ್ನಾಲ್ಡ್ ಯುನೈಟೆಡ್‌ಗೆ ಆಡುತ್ತಾ ಮರಗೆಲಸ ಕಲಿಯುತ್ತಿದ್ದವರು. ಸೆಲ್ಟಿಕ್‌ನಲ್ಲಿ ಅವರನ್ನು ತಿದ್ದಿದ ಜಾಕ್ ಸ್ಟೀನ್ ಕಲ್ಲಿದ್ದಲು ಗಣಿಯಿಂದ ಬಂದವರು.

— ಶಿವಮೊಗ್ಗ

‘ಮೇಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’. ಇಂಗ್ಲಿಷ್ ಬ್ಯಾಡ ಅಂತ ಹೊರಟು ಪೋರ್ಚುಗೀಸರ ಮನಿಗೆ ಹೊಕ್ಕಂಗಾತು. ಹಿಂಗ ಎರವು ತಂದು ತಂದು ನಮ್ಮ ‘-ಇಗ’ ಕೈಬಿಟ್ಟೀವಿ. ಕನ್ನಡಿಗ, ಲೆಕ್ಕಿಗ, ಹಾವಾಡಿಗ, ಮುಗೀತು. ಹೊಸದೊಂದು ಹುಟ್ಟಿಸೋ ಧೈರ್ಯ ಯಾರಿಗೂ ಇಲ್ಲ.

— ಧಾರವಾಡ

ಸರ್, ನಿಮ್ಮ ಊರಲ್ಲಿ ಸಂಬಳಕ್ಕೆ ‘ಪಗಾರ’, ಬೀಗದ ಕೈಗೆ ‘ಚಾವಿ’ ಅನ್ನುತ್ತೀರಿ. ಎರಡೂ ಪೋರ್ಚುಗೀಸು. ‘ಹಂಗಾಮಿ’ ಪಾರಸಿ. ಅವನ್ನೆಲ್ಲ ವಾಪಸ್ ಕಳಿಸಿ ಆಮೇಲೆ ಮೇಸ್ತ್ರಿಯನ್ನು ಹೊರಗೆ ಹಾಕೋಣ.

— ಶಿವಮೊಗ್ಗ

ಎರವಲಿನ ಮಾತು ಬೇರೆ. ಮೂರು ಯುರೋಪಿಯನ್ ಕಪ್ ಗೆದ್ದ ಆಟಗಾರನನ್ನು ಮೇಸ್ತ್ರಿ ಎನ್ನುವುದು ಗೌರವ ಕಡಿಮೆ ಮಾಡಿದ ಹಾಗೆ. ಪತ್ರಿಕೆಗೆ ಒಂದು ಮಟ್ಟ ಇರಬೇಕು.

— ಮೈಸೂರು

ನೀವು ಕೂತಿರುವ ಮನೆಯ ಗೋಡೆ ನೆಟ್ಟಗೆ ನಿಲ್ಲಿಸಿದವರು ಮೇಸ್ತ್ರಿ. ಯಾವ ಮಟ್ಟ ಕಡಿಮೆಯಾಯಿತು? ಈ ಮಾತಿಗೆ ನನ್ನ ತೀವ್ರ ಆಕ್ಷೇಪವಿದೆ.

— ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಪುಟ ಈಗ ತಾನೇ ಕಳಿಸಿದೆ.

ತಲೆಬರಹ ‘ಆಡುವ ಮೇಸ್ತ್ರಿ’. ಧಾರವಾಡದ ಸರ್, ‘ಆಡಿಗ’ ನನಗೂ ಇಷ್ಟವಾಯಿತು, ಆದರೆ ಡಾಲ್‌ಗ್ಲಿಶ್ 1990ರಲ್ಲಿ ಕೊನೆಯ ಸಲ ಆಡಿದರು. 1995ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಅವರ ಕೈಕೆಳಗೆ ಪ್ರೀಮಿಯರ್ ಲೀಗ್ ಗೆದ್ದಾಗ ಅವರು ಗೆರೆಯ ಆಚೆ ನಿಂತಿದ್ದರು. ‘ಆಡುವ’ ತೆಗೆದರೆ ಅಲ್ಲಿ ‘ಮೇಸ್ತ್ರಿ’ ಉಳಿಯುತ್ತದೆ. ನಿಮ್ಮ ಪದದಲ್ಲಿ ಎರಡನ್ನೂ ಬಿಡಿಸಲು ಆಗುವುದಿಲ್ಲ. ಕ್ಯಾಪ್ ಇದ್ದ ಕಡೆ ‘ದೇಶಕ್ಕಾಗಿ 102 ಪಂದ್ಯ’ ಎಂದು ಬರೆದೆ.

ಹಿಲ್ಸ್‌ಬರೋ ಬಂದ ಪ್ಯಾರಾದಲ್ಲಿ ಮಾತ್ರ ತುಂಬ ಹೊತ್ತು ಕೂತೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಮೈದಾನದಲ್ಲಿ ಆದ ನೂಕುನುಗ್ಗಲು 97 ಲಿವರ್‌ಪೂಲ್ ಅಭಿಮಾನಿಗಳನ್ನು ಬಲಿ ತೆಗೆದುಕೊಂಡಿತು. ಡಾಲ್‌ಗ್ಲಿಶ್ ಸತ್ತವರ ಮನೆಮಂದಿಯ ಜೊತೆ ಕೂತರು, ಒಂದೇ ದಿನ ನಾಲ್ಕು ಶವಸಂಸ್ಕಾರಕ್ಕೆ ಹೋದರು. 1991ರ ಫೆಬ್ರವರಿಯಲ್ಲಿ, ಎವರ್ಟನ್ ಜೊತೆ 4-4 ಆದ ಎರಡೇ ದಿನಕ್ಕೆ, ಇನ್ನು ಆಗುವುದಿಲ್ಲ ಎಂದು ಕೆಳಗಿಳಿದರು. ಅಲ್ಲಿ ಮೇಸ್ತ್ರಿ ಎಂದು ಬರೆದೆ, ಹೊಡೆದುಹಾಕಿದೆ. ಯಜಮಾನ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಕೊನೆಗೆ ಆ ಪ್ಯಾರಾ ಪೂರ್ತಿ ಬರೀ ‘ಡಾಲ್‌ಗ್ಲಿಶ್’ ಎಂದೇ ಇಟ್ಟಿದ್ದೇನೆ.

— ಹಾಸನ